ಮುಪ್ಪಿನ ನಿಶ್ಶಕ್ತಿಗೆ ಮುಪ್ಪೊಂದೇ ಕಾರಣವೆ?



"ವಯಸ್ಸಾಯಿತು, ಇನ್ನು ಶಕ್ತಿ ಎಲ್ಲಿಂದ ಬರಬೇಕು?" ಕೊಡ್ಲಿಪೇಟೆಯಿಂದ ಸೋಮವಾರಪೇಟೆಯವರೆಗೆ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಇದನ್ನು ನಾವು ವಿವೇಕವೆಂದೇ ಭಾವಿಸಿರುವುದು ವಿಷಾದದ ಸಂಗತಿ. ಕೂದಲು ನರೆಯುವುದು ವಯಸ್ಸಿನ ಧರ್ಮ, ಒಪ್ಪೋಣ. ಆದರೆ ಕುರ್ಚಿಯಿಂದೇಳಲು ಮತ್ತೊಬ್ಬರ ಹೆಗಲು ಬೇಕಾಗುವುದು, ತುಂಬಿದ ಕೊಡ ಎತ್ತಲಾರದೆ ಹೋಗುವುದು, ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದವರು ಮತ್ತೆ ಹಾಸಿಗೆ ಬಿಟ್ಟೇಳದಿರುವುದು, ಇವೆಲ್ಲವನ್ನೂ ವಯಸ್ಸಿನ ಖಾತೆಗೇ ಬರೆಯುವುದು ನ್ಯಾಯವೆ? ಇವುಗಳಲ್ಲಿ ದೊಡ್ಡದೊಂದು ಪಾಲು ನಲವತ್ತು ಐವತ್ತರ ಪ್ರಾಯದಲ್ಲಿ ನಾವು ಊಟದೆಲೆಯ ಮುಂದೆ ಕುಳಿತು ಮಾಡಿದ ಸಾಲ.

ವೈದ್ಯಶಾಸ್ತ್ರವು ಈ ನಿಶ್ಶಕ್ತಿಗೆ ಲಕ್ಷಣಗಳನ್ನೇ ಗೊತ್ತುಮಾಡಿದೆ. 2001ರಲ್ಲಿ ಅಮೆರಿಕೆಯ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು ಐದನ್ನು ಹೇಳಿದರು: ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕುಗ್ಗುವುದು. ಮೂರು ಕಂಡರೆ ಆ ದೇಹ ದುರ್ಬಲವಾಯಿತೆಂದೇ ಎಣಿಕೆ. ಇವುಗಳ ಹಿಂದಿರುವ ಸ್ನಾಯುಕ್ಷಯವು ಮೂವತ್ತು ದಾಟಿದಂದಿನಿಂದಲೇ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ನಡೆದಿರುತ್ತದೆ. ಅರವತ್ತರ ಮೇಲೆ ಇನ್ನೂ ತ್ವರಿತ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಎದೆಯ ಮಟ್ಟಕ್ಕೆ ಹಿಡಿದು ದೃಷ್ಟಿ ನೆಡುವ ನಾವು, ತೋಳಿನ ಬಲವನ್ನು ಕೇವಲ ಲೌಕಿಕ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಇಲ್ಲಿ ಕಾಫಿಯ ಮಾತು ಬರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಕೊಡಗಿನಲ್ಲಿ ಅದು ಬಾರದೆ ಹೇಗಿದ್ದೀತು? ಸಿಂಗಪುರದಲ್ಲಿ 1993ರಿಂದ 1998ರವರೆಗೆ 45 ವರ್ಷ ಮೇಲ್ಪಟ್ಟವರ ಆಹಾರಾಭ್ಯಾಸವನ್ನು ಕೇಳಿ ಬರೆದುಕೊಂಡು, ಸುಮಾರು ಇಪ್ಪತ್ತು ವರ್ಷಗಳ ಬಳಿಕ ಅವರಲ್ಲಿ 12 ಸಾವಿರ ಜನರ ಹಿಡಿತವನ್ನೂ ನಡಿಗೆಯನ್ನೂ ಪರೀಕ್ಷಿಸಿದರು. ದಿನಕ್ಕೆ ನಾಲ್ಕು ಬಟ್ಟಲು ಕಾಫಿ ಕುಡಿಯುತ್ತಿದ್ದವರಲ್ಲಿ ದೌರ್ಬಲ್ಯ ಕಡಿಮೆ ಕಂಡಿತೆಂದು 2023ರಲ್ಲಿ ಪ್ರಕಟವಾಯಿತು. ಇದನ್ನು ಕೇಳಿದ ನಮ್ಮ ತೋಟದ ಯಜಮಾನರ ಸಂತೋಷಕ್ಕೆ ಎಣೆಯುಂಟೆ! ಆದರೆ ಒಂದರೊಡನೆ ಇನ್ನೊಂದು ಕಂಡಿತೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಇದು ದೃಢಪಡಲು ಇನ್ನೂ ಪರೀಕ್ಷೆ ಬೇಕೆಂದು ಸಂಶೋಧಕರೇ ಹೇಳಿದ್ದಾರೆ. ಇನ್ನು, ಎರಡು ಚಮಚ ಸಕ್ಕರೆ ಸುರಿದು ಬೆಳಗಿನ ಉಪಾಹಾರದ ಬದಲಿಗೆ ಕುಡಿಯುವ ಕಾಫಿಗೆ ಆ ಅಧ್ಯಯನವನ್ನು ಸಾಕ್ಷಿಗೆ ಕರೆಯುವುದು ವಂಚನೆಯೇ ಸರಿ. ಊಟದೊಡನೆ ಕುಡಿದ ಕಾಫಿ, ಉಂಡದ್ದರಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನೂ ತಡೆಯುತ್ತದೆ.

ನಿಜವಾದ ಪ್ರಶ್ನೆ ಎಲೆಯಲ್ಲಿದೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು. ಹೆಸರು ಮೂರು, ಅಕ್ಕಿ ಒಂದೇ. ದಿನಕ್ಕೆ 300 ಗ್ರಾಂ ಅಕ್ಕಿಯಿಂದ ದೊರೆಯುವ ಪ್ರೋಟೀನು ಸುಮಾರು 23 ಗ್ರಾಂ. ತಿಳಿಸಾರಿನ ಬೇಳೆಯಿಂದ ಐದಾರು ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಿಧಿಸಿದ್ದು ತೂಕದ ಒಂದು ಕಿಲೋಗೆ 0.83 ಗ್ರಾಂ, ಅಂದರೆ 60 ಕಿಲೋದವರಿಗೆ 50 ಗ್ರಾಂ. ಅರವತ್ತೈದು ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹಲವು ದೇಶಗಳ ತಜ್ಞರು 2013ರಲ್ಲೇ ಸೂಚಿಸಿದ್ದಾರೆ. ಈ ಕೊರತೆಯನ್ನು ದೇಹವು ಇಪ್ಪತ್ತು ವರ್ಷ ಎಲ್ಲಿಂದ ತುಂಬಿಕೊಳ್ಳಬೇಕು? ತನ್ನ ಸ್ನಾಯುವಿನಿಂದಲೇ ಅಲ್ಲವೆ? ಸುಣ್ಣದಂಶವನ್ನು ನೋಡಿ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಮ್ಮ ಉತ್ತರ ಕೊಡಗಿನಲ್ಲಿ ರಾಗಿಯೇನು ಅಪರಿಚಿತವೆ? ಅದನ್ನು ಬಡವರ ಆಹಾರವೆಂದು ಹಿತ್ತಲಿಗೆ ಅಟ್ಟಿದವರು ನಾವು.

ಹೆಂಗಸರ ಪಾಡಂತೂ ಹೇಳತೀರದು. ಎಲ್ಲರಿಗೂ ಬಡಿಸಿ, ತಳದಲ್ಲುಳಿದ ಅನ್ನಕ್ಕೆ ಮಜ್ಜಿಗೆ ಕಲಸಿ ಉಣ್ಣುವುದನ್ನು ನಾವು ಗೃಹಿಣಿಯ ಸದ್ಗುಣವೆಂದು ಹೊಗಳುತ್ತ ಬಂದಿದ್ದೇವೆ. ಮುಟ್ಟು ನಿಂತ ಬಳಿಕ ಹೆಣ್ಣಿನ ಮೂಳೆಗಳು ಬೇಗನೆ ಸವೆಯುತ್ತವೆ. ಪಲ್ಯ, ಕಾಳು, ಮೊಸರು ಆಕೆಗೇ ಮೊದಲು ಸಲ್ಲಬೇಕಾದ ಕಾಲದಲ್ಲಿ ಆಕೆಗೇ ಉಳಿಯುವುದಿಲ್ಲ. ಸ್ತ್ರೀಪುರುಷ ಸಮಾನತೆಯನ್ನು ವೇದಿಕೆಯಿಂದ ಘೋಷಿಸುವ ನಾವು ಅಡಿಗೆಮನೆಯ ಹೊಸ್ತಿಲಲ್ಲಿ ಅದನ್ನು ಮರೆಯುವುದು ನಾಚಿಕೆಗೇಡು.

"ನಾವು ಶಾಕಾಹಾರಿಗಳು, ನಮಗೆ ಇಷ್ಟೇ ಬಲ" ಎನ್ನುವವರಿಗೂ ಉತ್ತರವುಂಟು. ಅಮೆರಿಕೆಯಲ್ಲಿ 1976ರಿಂದ ನಡೆದಿರುವ ದಾದಿಯರ ಅಧ್ಯಯನದಲ್ಲಿ, ಅರವತ್ತು ದಾಟಿದ 85 ಸಾವಿರಕ್ಕೂ ಹೆಚ್ಚು ಸ್ತ್ರೀಯರ ಪೈಕಿ ಸಸ್ಯಮೂಲದ ಪ್ರೋಟೀನನ್ನು ಹೆಚ್ಚು ಸೇವಿಸಿದವರಲ್ಲೇ ದೌರ್ಬಲ್ಯ ಕಡಿಮೆಯೆಂದು 2022ರಲ್ಲಿ ವರದಿಯಾಯಿತು. ದೋಷ ಶಾಕಾಹಾರದ್ದಲ್ಲ, ಕಾಳಿಲ್ಲದ ಶಾಕಾಹಾರದ್ದು. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನಿದೆ. ಅದನ್ನು ದನಕ್ಕೆ ಬೇಯಿಸಿ ಹಾಕುವವರು ಅದರ ಗುಣವರಿಯದವರೇನಲ್ಲ. ಬಿ-12 ಜೀವಸತ್ವ ಮಾತ್ರ ಕಾಳಿನಲ್ಲಿಲ್ಲವಾದುದರಿಂದ ಹಾಲುಮೊಸರನ್ನು ಬಿಡತಕ್ಕದ್ದಲ್ಲ. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಎಪ್ಪತ್ತರಲ್ಲಿ ಡಬ್ಬದ ಪುಡಿಗೆ ಹಣ ಸುರಿಯುವ ಮಕ್ಕಳು ತಮ್ಮ ನಲವತ್ತೈದರ ಎಲೆಯನ್ನೇ ನೋಡಿಕೊಳ್ಳುವುದಿಲ್ಲ. ಗದ್ದೆಗೂ ತೋಟಕ್ಕೂ ನಡೆದೇ ಹೋಗುತ್ತಿದ್ದವರ ಮಕ್ಕಳು ಇಂದು ಗೇಟಿನವರೆಗೂ ಜೀಪಿನಲ್ಲಿ ಹೋಗುತ್ತಾರೆ. ದುಡಿಯದ ಸ್ನಾಯುವಿಗೆ ಉಂಡದ್ದೂ ಅಂಟದು.

ಮಠಗಳ ದಾಸೋಹವೂ ಈ ಟೀಕೆಗೆ ಹೊರತಲ್ಲವೆಂದು ವಿನಯಪೂರ್ವಕ ಹೇಳಬೇಕಾಗಿದೆ. ಭಕ್ತರು ಅಕ್ಕಿಯ ಮೂಟೆಯನ್ನೇ ಕಾಣಿಕೆಯಾಗಿ ತರುತ್ತಾರೆ, ಆದುದರಿಂದ ಪಂಕ್ತಿಯಲ್ಲಿ ಅನ್ನದ ರಾಶಿಯೇ ಬೀಳುತ್ತದೆ. ಈ ಸುಗ್ಗಿಯಿಂದ ನಾಲ್ಕು ಮೂಟೆಯಲ್ಲಿ ಒಂದಾದರೂ ಹುರುಳಿ, ಹೆಸರು, ಅವರೆ, ರಾಗಿ ಬರಲಿ. ಬಡಿಸುವವರು ಸಾರಿನ ಸೌಟನ್ನು ತಳದವರೆಗೆ ಇಳಿಸಿ ಬಡಿಸಲಿ.