ಗಿಟಾರ್‌ಗೆ ಕೊಂಬಿದ್ದರೆ ಸಾಕಾ?

ಕಳೆದ ವರ್ಷ ಇಂಟರ್ನ್‌ಶಿಪ್‌ನಲ್ಲಿ ಬಂದ ದುಡ್ಡಿನಲ್ಲಿ 18 ಸಾವಿರ ಕೊಟ್ಟು ಎಲೆಕ್ಟ್ರಿಕ್ ಗಿಟಾರ್ ತಂದೆ. ಕಪ್ಪು ಬಣ್ಣ, ‘ವಿ’ ಆಕಾರ, ಚೂಪಾದ ಎರಡು ಕೊಂಬು. ನೋಡಿದರೇ ಹೆವಿ ಮೆಟಲ್! ಅಂಗಡಿಯಲ್ಲಿ ದೊಡ್ಡ ಆಂಪ್‌ಗೆ ಜೋಡಿಸಿ, ಡಿಸ್ಟಾರ್ಷನ್ ಏರಿಸಿ ನುಡಿಸಿದಾಗ ಮೈ ಜುಮ್ಮೆಂದಿತು. ರೂಮಿಗೆ ತಂದು ಕುರ್ಚಿಯಲ್ಲಿ ಕುಳಿತರೆ ಅದು ತೊಡೆಯ ಮೇಲೆ ನಿಲ್ಲಲೇ ಇಲ್ಲ, ಜಾರುತ್ತಲೇ ಇತ್ತು. ಆರು ತಿಂಗಳಲ್ಲಿ 11 ಸಾವಿರಕ್ಕೆ ಮಾರಿದೆ. ಏಳು ಸಾವಿರ ಕಳೆದುಕೊಂಡು ಕಲಿತ ಪಾಠ ಇಷ್ಟೇ: ಮೆಟಲ್‌ಗೆ ಗಿಟಾರ್ ಆರಿಸುವಾಗ ಅರ್ಧ ತೀರ್ಮಾನ ಆಂಪ್ ಆನ್ ಮಾಡುವ ಮೊದಲೇ ಆಗಿರಬೇಕು.

ಖಾರ ಹೆಚ್ಚಾದ ಸಾರಿನಲ್ಲಿ ಬೇರೆ ರುಚಿ ತಿಳಿಯದಂತೆ, ಡಿಸ್ಟಾರ್ಷನ್‌ನಲ್ಲಿ ಗಿಟಾರ್‌ನ ದೋಷ ಕೇಳಿಸುವುದಿಲ್ಲ. ಹಾಗಾಗಿ ಮೊದಲು ಕೇಬಲ್ ಇಲ್ಲದೆ ನುಡಿಸಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ನೋಡಿ, ಕರಕರ ಸದ್ದು ಬರಬಾರದು. 12ನೇ ಫ್ರೆಟ್ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ, ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರ ಎರಡೂ ಒಂದೇ ಇರಬೇಕು. ತಂತಿಯನ್ನು ನಾಲ್ಕಾರು ಸಲ ಬಲವಾಗಿ ಜಗ್ಗಿ ಬಿಟ್ಟು, ಮೊಬೈಲ್‌ನ ಟ್ಯೂನರ್‌ನಲ್ಲಿ ಶ್ರುತಿ ನೋಡಿ.

ಮೆಟಲ್‌ನಲ್ಲಿ ಶ್ರುತಿ ಇಳಿಸಿ ನುಡಿಸುವುದು ಸಾಮಾನ್ಯ. ‘ಡ್ರಾಪ್ ಡಿ’ಯಲ್ಲಿ ದಪ್ಪ ತಂತಿ 82 ಹರ್ಟ್ಸ್‌ನಿಂದ 73ಕ್ಕೆ ಇಳಿಯುತ್ತದೆ. ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ಆವೃತ್ತಿ ಇಷ್ಟು ಇಳಿಯಬೇಕಾದರೆ ತಂತಿಯ ಬಿಗಿತ ಸುಮಾರು ಶೇ 20ರಷ್ಟು ಕುಸಿಯುತ್ತದೆ. ಸಡಿಲ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಇದಕ್ಕೆ ದಪ್ಪ ತಂತಿ ಹಾಕಬೇಕು, ಇಲ್ಲವೇ ಸ್ಕೇಲ್ ಉದ್ದ ಇರಬೇಕು. 24.75 ಇಂಚಿನ ಬದಲು 25.5 ಇಂಚಿನ ಸ್ಕೇಲ್ ಇದ್ದರೆ ಅದೇ ತಂತಿ ಅದೇ ಶ್ರುತಿಯಲ್ಲಿ ಶೇ 6ರಷ್ಟು ಹೆಚ್ಚು ಬಿಗಿಯಾಗಿರುತ್ತದೆ.

ನನ್ನ ಗಿಟಾರ್‌ನ ದೊಡ್ಡ ತಲೆನೋವು ಸ್ಪ್ರಿಂಗ್ ಮೇಲೆ ತೇಲುವ ಬ್ರಿಡ್ಜ್. ಒಂದು ತಂತಿ ಇಳಿಸಿದರೆ ಉಳಿದ ಐದರ ಶ್ರುತಿ ಏರುತ್ತಿತ್ತು. ಒಂದು ತುಂಡಾದರಂತೂ ಎಲ್ಲವೂ ಹಾಳು. ಪಳಗಿದವರಿಗೆ ಅದು ಒಳ್ಳೆಯ ಸಾಧನವೇ. ಆದರೆ ಕಲಿಯುವವರಿಗೆ ಅಲುಗಾಡದ ಬ್ರಿಡ್ಜ್ ಸಾಕು.

ಆಮೇಲೆ ಆಂಪ್ ಹಚ್ಚಿ, ಪಿಕಪ್ ಕೇಳಿ. ಹಂಬಕರ್‌ನಲ್ಲಿರುವ ಎರಡು ಸುರುಳಿಗಳು ಕರೆಂಟ್ ಲೈನಿನ ಗುಂಯ್ ಸದ್ದನ್ನು ಪರಸ್ಪರ ಅಳಿಸುತ್ತವೆ. ಡಿಸ್ಟಾರ್ಷನ್ ಆ ಸದ್ದನ್ನೂ ಹಿಗ್ಗಿಸುವುದರಿಂದ ಮೆಟಲ್‌ಗೆ ಹಂಬಕರ್ ಅನುಕೂಲ. ಆದರೆ ಅದೂ ಕಟ್ಟಳೆಯೇನಲ್ಲ. ಬ್ಲ್ಯಾಕ್ ಸಬ್ಬತ್‌ನ ಟೋನಿ ಐಯೋಮಿ 1970ರ ಮೊದಲ ಆಲ್ಬಂನಲ್ಲಿ ಹೆಚ್ಚಾಗಿ ನುಡಿಸಿದ್ದು ಒಂಟಿ ಸುರುಳಿಯ ಪಿಕಪ್ ಇದ್ದ ಗಿಬ್ಸನ್ ಎಸ್‌ಜಿ. ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡಿದ್ದ ಅವರು ತಮ್ಮ ಕೈಗೆ ಒಗ್ಗುವಂತೆ ತೆಳು ತಂತಿ ಹಾಕಿಕೊಂಡರು, ಮುಂದೆ ಶ್ರುತಿಯನ್ನೂ ಇಳಿಸಿದರು. ಮೆಟಲ್‌ನ ಆ ಭಾರದ ನಾದಕ್ಕೆ ದಾರಿಯಾದದ್ದು ಹೀಗೆ.

ಆಕಾರಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ನೋಡಿದಾಗ ಕೈಗೆತ್ತಿಕೊಳ್ಳಬೇಕು ಅನ್ನಿಸದ ಗಿಟಾರ್ ಮೂಲೆ ಸೇರುತ್ತದೆ. ಆದರೆ ಅದು ಕೊನೆಯ ಪ್ರಶ್ನೆಯಾಗಲಿ. ಅರ್ಧ ಗಂಟೆ ಹೀಗೆ ಪರೀಕ್ಷಿಸುತ್ತಾ ಕುಳಿತರೆ ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ ಬಿಡಿ. ದುಡ್ಡು ನಮ್ಮದು, ಎಷ್ಟೋ ಜನರ ಪಾಲಿಗೆ ಅಪ್ಪ–ಅಮ್ಮನದು. ನಾನೀಗ ನುಡಿಸುತ್ತಿರುವುದು 8 ಸಾವಿರದ ಸೆಕೆಂಡ್ ಹ್ಯಾಂಡ್ ಗಿಟಾರ್. ಕೊಂಬಿಲ್ಲ, ಬಣ್ಣವೂ ಅಲ್ಲಲ್ಲಿ ಹೋಗಿದೆ. ಉಳಿದ 3 ಸಾವಿರದಲ್ಲಿ ಒಂದು ಪುಟ್ಟ ಆಂಪ್ ಬಂತು.