ಮಾಸಾಶನ ಊರಿನದು, ಔಷಧಿ ಖರ್ಚು ಇಲ್ಲಿನದು



ಮನೆಯಲ್ಲಿ ಅಂಗವಿಕಲರೊಬ್ಬರಿದ್ದು ಅವರಿಗೆ ಊರಿನಿಂದ ಮಾಸಾಶನ ಬರುತ್ತಿದ್ದರೆ, "ಸರ್ಕಾರದ ಸಹಾಯ ಸಿಗ್ತಾ ಇದೆಯಲ್ಲ" ಎಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಆದರೆ ಮಾಸಾಶನ ಹೊಟ್ಟೆಪಾಡಿಗೆ ಕೊಡುವ ಹಣ, ಆಸ್ಪತ್ರೆಗೆ ಅಲ್ಲ. ಕೇಂದ್ರದ ಅಂಗವಿಕಲ ಪಿಂಚಣಿಯ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಯ ಕೆಳಗಿದ್ದು, ಶೇಕಡಾ 80ರಷ್ಟು ವೈಕಲ್ಯ ಇರುವವರಿಗೆ. 2012ರಿಂದ ಆ ಮೊತ್ತ ಏರಿಲ್ಲ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ಒಪ್ಪೋಣ. ಆದರೂ ಮುಂಬೈಯಲ್ಲೋ ಪುಣೆಯಲ್ಲೋ ನಾಲ್ಕು ಸಲ ಫಿಸಿಯೋಥೆರಪಿಗೆ ಹೋಗಿಬಂದರೆ, ಆಟೋ ಬಾಡಿಗೆ ಸೇರಿ, ಅದು ಮುಗಿಯಿತು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಪುಣೆಯ ಚಾಕಣ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಗನಿಗೆ ಇಪ್ಪತ್ತೆಂಟು, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಮಾಸಾಶನ ಬರುವುದು ಕಲಬುರಗಿ ಕಡೆಯಿಂದ. ಅದು ನಿಂತೀತು ಎಂಬ ಭಯಕ್ಕೆ ರೇಷನ್ ಕಾರ್ಡು, ವಿಳಾಸ ಎಲ್ಲವನ್ನೂ ಊರಲ್ಲೇ ಇಟ್ಟಿದ್ದಾರೆ. ಹುಡುಗನಿಗೆ ಫಿಟ್ಸ್ ಬರುವುದು ಮಾತ್ರ ಪುಣೆಯಲ್ಲಿ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಆ ರಾಜ್ಯದ ನಿವಾಸಿಗಳಿಗೆ. ಅಲ್ಲಿನ ರೇಷನ್ ಕಾರ್ಡೋ ನಿವಾಸಿ ಪತ್ರವೋ ಕೇಳುತ್ತಾರೆ. ಹೋಗಲಿ, ಮಾಸಾಶನವನ್ನೇ ಇಲ್ಲಿಗೆ ತರೋಣವೆಂದರೆ ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆಗೆ 15 ವರ್ಷ ಅಲ್ಲಿ ವಾಸವಿರಬೇಕು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಆಯುಷ್ಮಾನ್ ಭಾರತ್ ಕಾರ್ಡ್ ಇದ್ದರೆ ವಾಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಆದರೆ ಅದು ಆಸ್ಪತ್ರೆಗೆ ದಾಖಲಾದಾಗ ಮಾತ್ರ. ಅಂಗವೈಕಲ್ಯದ ಖರ್ಚು ದಾಖಲಾಗಿ ಬರುವ ಖರ್ಚಲ್ಲ, ದಿನದಿನದ್ದು: ಫಿಟ್ಸ್ ಮಾತ್ರೆ, ಥೆರಪಿ, ಡೈಪರ್. ಇನ್ನೊಂದು ವಿಚಿತ್ರ ನೋಡಿ. ಹಳ್ಳಿಯ ಕುಟುಂಬಗಳನ್ನು ಈ ಯೋಜನೆಗೆ ಆರಿಸಿದಾಗ ವೈಕಲ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆದರೆ ಮನೆಯಲ್ಲಿ ಗಟ್ಟಿಮುಟ್ಟಾದ ದೊಡ್ಡವರು ಒಬ್ಬರೂ ಇರಬಾರದು ಎಂಬ ಷರತ್ತಿನೊಂದಿಗೆ. ದುಡಿಯಲು ಊರು ಬಿಟ್ಟು ಬಂದ ಅಪ್ಪ ಇದ್ದುದೇ ತಪ್ಪಾಯಿತು!

ಇಂಥ ಮನೆಯವರು ಮೊದಲು ನೋಡಬೇಕಾದ್ದು ಮಗನ ಮಾಸಾಶನದ ಪುಸ್ತಕವನ್ನಲ್ಲ, ಅಪ್ಪನ ಸಂಬಳದ ಚೀಟಿಯನ್ನು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಇಎಸ್ಐ ಎಂದು ಶೇಕಡಾ 0.75 ಮುರಿದುಕೊಂಡಿದ್ದರೆ ಮನೆಯವರಿಗೆಲ್ಲ ಚಿಕಿತ್ಸೆಯ ಹಕ್ಕಿದೆ. ತಿಂಗಳ ಸಂಬಳ 21,000 ರೂಪಾಯಿ ಮೀರದ ನೌಕರರಿಗೆ ಇದು ಅನ್ವಯ. ನೌಕರರೇ ಅಂಗವಿಕಲರಾಗಿದ್ದರೆ ಮಿತಿ 25,000. ಬಹಳ ಜನರಿಗೆ ತಿಳಿಯದ ಮಾತೆಂದರೆ, ಗಂಡುಮಕ್ಕಳನ್ನು ದೊಡ್ಡವರಾದ ಮೇಲೆ ಪಟ್ಟಿಯಿಂದ ತೆಗೆಯುತ್ತಾರೆ, ನಿಜ. ಆದರೆ ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ಪೂರ್ತಿಯಾಗಿ ಹೆತ್ತವರ ದುಡಿಮೆಯ ಮೇಲೇ ಅವಲಂಬಿಸಿರುವ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯೇ ಇಲ್ಲ. ಇಪ್ಪತ್ತೆಂಟಾದರೂ, ನಲವತ್ತಾದರೂ. ಇಲ್ಲಿ ರೇಷನ್ ಕಾರ್ಡ್ ಯಾವ ರಾಜ್ಯದ್ದು ಎಂಬ ಪ್ರಶ್ನೆ ಬರುವುದಿಲ್ಲ. ದಾಖಲಾಗದೆಯೂ ಡಾಕ್ಟರನ್ನು ನೋಡಬಹುದು, ಮಾತ್ರೆ ತರಬಹುದು. ತಾಯಿ ಮಗ ಊರಲ್ಲೇ ಇದ್ದರೆ ಅಲ್ಲಿನ ಡಿಸ್ಪೆನ್ಸರಿಯನ್ನೇ ಅವರ ಹೆಸರಿಗೆ ಬರೆಸಬಹುದು. ಸಾಲು ಉದ್ದ, ಕೆಲವೊಮ್ಮೆ ಮಾತ್ರೆ ಇರುವುದಿಲ್ಲ, ದೊಡ್ಡ ಆಪರೇಷನ್‌ಗೆ ಕೆಲವು ತಿಂಗಳ ಕಂತು ಕಟ್ಟಿರಬೇಕು. ಗೊಣಗಾಟ ನ್ಯಾಯವೇ. ಆದರೆ ದುಡ್ಡು ಪ್ರತಿ ತಿಂಗಳೂ ಮುರಿಯುತ್ತಿರುವಾಗ ಮಗನ ಹೆಸರು ಸೇರಿಸದೆ ಬಿಡುವುದು ಯಾವ ನ್ಯಾಯ?

ಹೋಟೆಲು, ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಎಷ್ಟೋ ಕಡೆ ಇಎಸ್ಐ ಮಾಡಿಸಿಯೇ ಇರುವುದಿಲ್ಲ. ಮಾಲೀಕರು ನಮ್ಮವರೇ ಆಗಿದ್ದರೂ ಅಷ್ಟೇ. ಕೇಳಲು ಸಂಕೋಚ ಬೇಡ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷದವರೆಗೆ. ಮೊದಲೇ ವೈದ್ಯಕೀಯ ಪರೀಕ್ಷೆ ಇಲ್ಲ, ಥೆರಪಿಗೂ ಹೊರರೋಗಿ ಚಿಕಿತ್ಸೆಗೂ ಅದರಲ್ಲಿ ಪಾಲಿದೆ. ಹಣ ಮೊದಲು ನಾವು ಕೊಟ್ಟು, ಬಿಲ್ಲು ಕಳಿಸಿ ಆಮೇಲೆ ಪಡೆಯಬೇಕು. ಕೈಯಲ್ಲಿ ಕಾಸಿಲ್ಲದವರಿಗೆ ಇದೇ ತೊಡಕು. ಮುಂಬೈ, ಪುಣೆಯವರು ಇನ್ನೊಂದು ನೆನಪಿಡಿ: ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು, ಹೆಸರು ಎಷ್ಟೇ ದೊಡ್ಡದಿರಲಿ, ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇಕಡಾ 10ನ್ನು ಬಡವರಿಗೆ ರಿಯಾಯಿತಿಯಲ್ಲಿ ಕೊಡಲೇಬೇಕು. ದಾಖಲಾಗುವಾಗಲೇ ಅಲ್ಲಿನ ಸಮಾಜ ಸೇವಕರನ್ನು, ಆದಾಯ ಪತ್ರ ಹಿಡಿದು, ಕಾಣಿ.

ಇಷ್ಟು ಹುಡುಕಾಟ ಒಂದು ಮನೆಯ ಪಾಲಿಗೆ ಬರಬಾರದಿತ್ತು. ಯುಡಿಐಡಿ ಕಾರ್ಡ್ ದೇಶದಾದ್ಯಂತ ನಡೆಯುತ್ತದೆ ಎನ್ನುತ್ತಾರೆ. ನಡೆಯುವುದು ಗುರುತಿಗೆ, ದುಡ್ಡು ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಸಾಶನದ ಜೊತೆಗೇ, ಇಎಸ್ಐಯಂಥ ವ್ಯವಸ್ಥೆ ಇಲ್ಲದವರಿಗೆ ಸಮಗ್ರ ವಿಮೆಯ ಮಾತನ್ನೂ ಆಡಿದೆ. ಆ ವಿಮೆಯನ್ನು ಯುಡಿಐಡಿ ಕಾರ್ಡಿಗೇ ಜೋಡಿಸಲಿ. ಕಾರ್ಡ್ ಎಲ್ಲಿ ಹೋದರೆ ಚಿಕಿತ್ಸೆಯೂ ಅಲ್ಲಿಗೆ ಹೋಗಲಿ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆದಾಗ ಕೊಡುವ ಮನವಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಈ ವಾರ ಮಾಡಬಹುದಾದ್ದು ಇಷ್ಟು. ಕಂಪನಿಯ ಆಫೀಸಿನಲ್ಲಿ ಇಎಸ್ಐ ನಂಬರ್ ಕೇಳಿ, ಕುಟುಂಬದ ಪಟ್ಟಿಯಲ್ಲಿ ಮಗನ ಅಥವಾ ಮಗಳ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಕೊಟ್ಟು ಸೇರಿಸಲು ಹೇಳಿ. ನಿರಾಮಯ ಮಾಡಿಸಿದವರು ಮಾರ್ಚ್ 31ರೊಳಗೆ ನವೀಕರಿಸಿಕೊಳ್ಳಿ.