ಮೋಡದ ಲೆಕ್ಕವೂ ತೋಟದ ಲೆಕ್ಕವೂ

ವಾಣಿಜ್ಯಶಾಸ್ತ್ರವನ್ನು ಓದುವವರಿಗೆ ಗಣಕಯಂತ್ರದ ಒಳಗುಟ್ಟು ಬೇಡ, ಇಂಜಿನಿಯರಿಂಗ್ ಓದುವವರಿಗೆ ಜಮಾಖರ್ಚಿನ ಗೊಡವೆ ಬೇಡ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂದೂ, ಇದರಿಂದ ಕೊಡಗಿನ ವಾಣಿಜ್ಯ ವಿದ್ಯಾರ್ಥಿಗಳು ಕೈಗೆ ಎಟಕುವ ಒಂದು ವೃತ್ತಿಯನ್ನೇ ಕಳೆದುಕೊಳ್ಳುವರೆಂದೂ ನಮ್ಮ ಅಭಿಪ್ರಾಯ.

‘ಕ್ಲೌಡ್’ ಎಂದರೆ ಮೋಡ. ಆದರೆ ಈ ಮೋಡವಿರುವುದು ಆಕಾಶದಲ್ಲಲ್ಲ. ಮುಂಬಯಿ, ಹೈದರಾಬಾದುಗಳಂಥ ನಗರಗಳ ಭಾರಿ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಗಣಕಯಂತ್ರಗಳೇ ಅದು. ಅವುಗಳನ್ನು ಕೊಳ್ಳದೆ, ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆಯಬಹುದು. ಅಮೆಜಾನ್ ಸಂಸ್ಥೆ 2006ರಲ್ಲಿ ಈ ವ್ಯವಹಾರವನ್ನು ಆರಂಭಿಸಿ, 2016ರಲ್ಲಿ ಮುಂಬಯಿಯಲ್ಲಿ ಕೇಂದ್ರವನ್ನು ತೆರೆಯಿತು. ಹಿಂದೆ ಯಂತ್ರವೊಂದನ್ನು ಕೊಳ್ಳಲು ಮೇಲಧಿಕಾರಿಗಳ ರುಜು ಬೇಕಾಗಿತ್ತು. ಇಂದು ತರುಣ ಇಂಜಿನಿಯರೊಬ್ಬರು ಗುಂಡಿಯೊತ್ತಿದೊಡನೆ ವೆಚ್ಚ ಹುಟ್ಟುತ್ತದೆ. ಲೆಕ್ಕದವರು ಎಚ್ಚರ ವಹಿಸದಿದ್ದರೆ ಅದು ಅವರ ಕಣ್ಣಿಗೆ ಬೀಳುವುದು ತಿಂಗಳ ಬಿಲ್ಲು ಬಂದಾಗಲೇ.

ಈ ಸಮಸ್ಯೆ ಕೊಡಗಿಗೆ ಅಪರಿಚಿತವೆ? ಕಾಫಿ ತೋಟದ ಚೆಕ್‌ರೋಲನ್ನು ನೋಡಿರಿ. ವರ್ಷವಿಡೀ ದುಡಿಯುವ ಕಾಯಂ ಆಳುಗಳು ಕೆಲವರು. ಕೊಯ್ಲಿಗೆ ಬಂದು, ಕೊಯ್ದ ಹಣ್ಣಿನ ತೂಕಕ್ಕೆ ತಕ್ಕ ಕೂಲಿ ಪಡೆಯುವವರು ಕೆಲವರು. ಎಲ್ಲರನ್ನೂ ಕಾಯಂ ಮಾಡಿಕೊಂಡರೆ ಮಳೆಗಾಲದಲ್ಲಿ ಕೂಲಿಯೇ ಹೊರೆಯಾಗುತ್ತದೆ; ಯಾರನ್ನೂ ಮಾಡಿಕೊಳ್ಳದಿದ್ದರೆ ಕೊಯ್ಲಿನಲ್ಲಿ ಆಳು ಸಿಕ್ಕದೆ ಹಣ್ಣು ನೆಲಕ್ಕುದುರುತ್ತದೆ. ಕ್ಲೌಡಿನಲ್ಲಿಯೂ ಹಾಗೆಯೇ. ಒಂದು ಅಥವಾ ಮೂರು ವರ್ಷಗಳ ಕರಾರು ಮಾಡಿಕೊಂಡರೆ ದರ ಇಳಿಯುತ್ತದೆ. ಆದರೆ ಬಳಸಿದರೂ ಬಳಸದಿದ್ದರೂ ಹಣ ತೆರಲೇಬೇಕು.

ಯಂತ್ರವೊಂದರ ಬಾಡಿಗೆ ಗಂಟೆಗೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. 30 ದಿನಗಳ ತಿಂಗಳಿಗೆ 720 ಗಂಟೆಗಳು, 7,200 ರೂಪಾಯಿ. ಕರಾರಿನ ದರ 6 ರೂಪಾಯಿಯಾದರೆ 4,320 ರೂಪಾಯಿ. ಉಳಿತಾಯವೇ ಸರಿ. ಆದರೆ ಆ ಯಂತ್ರ ಬೇಕಾಗುವುದು ಕೆಲಸದ 22 ದಿನಗಳಲ್ಲಿ, ದಿನಕ್ಕೆ 10 ಗಂಟೆ ಮಾತ್ರವಾದರೆ? ಕರಾರಿಲ್ಲದೆ, ಸಂಜೆ ನಿಲ್ಲಿಸಿದರೆ, 2,200 ರೂಪಾಯಿ ಸಾಕು. ತಿಂಗಳಿಗೆ 432 ಗಂಟೆಗಳನ್ನು ಮೀರಿ ಬಳಸುವಾಗ ಮಾತ್ರ ಕರಾರು ಲಾಭಕರ. ಪಠ್ಯಪುಸ್ತಕದಲ್ಲಿ ಓದುವ ಲಾಭನಷ್ಟಗಳ ಸಮಬಿಂದುವಲ್ಲದೆ ಇದು ಬೇರೇನೂ ಅಲ್ಲ.

ಆದರೆ ಕೇವಲ ಲೆಕ್ಕ ಸಾಲದು. ಯಂತ್ರವನ್ನು ನಿಲ್ಲಿಸಿದರೂ ಅದಕ್ಕೆ ಜೋಡಿಸಿದ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಮಾಹಿತಿಯನ್ನು ಒಳಗೆ ಕಳುಹಿಸಲು ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಕ್ಕೆ ತರಲು ಉಂಟು. ಅಪರೂಪಕ್ಕೆ ಬೇಕಾಗುವ ಕಡತಗಳನ್ನು ಅಗ್ಗದ ಉಗ್ರಾಣದಲ್ಲಿರಿಸಬಹುದು. ಅಲ್ಲಿಂದ ತೆಗೆಯಲು ಹಣವೂ ಕೆಲವೊಮ್ಮೆ ಹಲವು ಗಂಟೆಗಳೂ ತಗಲುತ್ತವೆ. ಇದನ್ನರಿಯದ ಲೆಕ್ಕಿಗನು ವೆಚ್ಚವನ್ನು ಕತ್ತರಿಸಹೊರಟರೆ, ಸುಮ್ಮನೆ ಬಿದ್ದಿದೆಯೆಂದು ಮೀಸಲು ಪ್ರತಿಯನ್ನೇ ಅಳಿಸಿಯಾನು! ಕಾಯಿ ಬಿಡುವುದಿಲ್ಲವೆಂದು ಕಾಫಿ ತೋಟದ ನೆರಳುಮರಗಳನ್ನು ಕಡಿಸುವುದು ಮಿತವ್ಯಯವಾದೀತೆ?

ಈ ಎರಡು ವಿದ್ಯೆಗಳನ್ನು ಕೂಡಿಸುವ ವೃತ್ತಿಗೆ ‘ಫಿನ್‌ಆಪ್ಸ್’ ಎಂದು ಹೆಸರು. ಅದರ ಪ್ರತಿಷ್ಠಾನವು 2019ರಲ್ಲಿ ಸ್ಥಾಪಿತವಾಗಿ, ಮರುವರ್ಷ ಲಿನಕ್ಸ್ ಫೌಂಡೇಶನ್ನನ್ನು ಸೇರಿತು. ಅದರ ಕ್ರಮ ಸರಳವಾದುದು: ಪ್ರತಿಯೊಂದು ಯಂತ್ರಕ್ಕೂ ಅದು ಯಾವ ವಿಭಾಗದ್ದೆಂಬ ಗುರುತುಚೀಟಿ ಇರಬೇಕು, ವೆಚ್ಚವನ್ನು ಇಂಜಿನಿಯರುಗಳೂ ಲೆಕ್ಕದವರೂ ಒಟ್ಟಿಗೆ ನೋಡಬೇಕು. ಒಂದು ಮೂಟೆ ಕಾಫಿಗೆ ತಗಲಿದ ವೆಚ್ಚವೆಷ್ಟೆಂದು ತೋಟದಲ್ಲಿ ಕೇಳುವಂತೆ, ಒಬ್ಬ ಗ್ರಾಹಕನ ಸೇವೆಗೆ ತಗಲಿದ ವೆಚ್ಚವೆಷ್ಟೆಂದು ಕೇಳಬೇಕು. ಒಟ್ಟು ಬಿಲ್ಲು ಏರಿದರೂ ಈ ವೆಚ್ಚ ಇಳಿದಿದ್ದರೆ ಚಿಂತೆಗೆ ಕಾರಣವಿಲ್ಲ.

ಕೊಡಗು ಸೇನಾನಿಗಳ ನಾಡೆಂದು ಪ್ರಸಿದ್ಧವಾಗಿದೆ. ಆದರೆ 1990ರಿಂದ 1996ರವರೆಗೆ ಭಾರತದ ಮಹಾಲೇಖಪಾಲರಾಗಿದ್ದ ಸಿ. ಜಿ. ಸೋಮಯ್ಯನವರೂ ಕೊಡಗಿನವರೇ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಮಡಿಕೇರಿ, ವಿರಾಜಪೇಟೆಗಳ ಕಾಲೇಜುಗಳಲ್ಲಿ ವಾಣಿಜ್ಯದ ತರಗತಿಯೂ ಗಣಕವಿಜ್ಞಾನದ ತರಗತಿಯೂ ವಾರಕ್ಕೊಮ್ಮೆಯಾದರೂ ಒಂದೇ ಕೊಠಡಿಯಲ್ಲಿ ಕುಳಿತು, ಕ್ಲೌಡಿನ ಬಿಲ್ಲೊಂದನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಸಾಲಿಗೂ ಇದು ಯಾವ ಯಂತ್ರ, ಯಾವ ಕೆಲಸ, ಯಾರಿಗಾಗಿ ಎಂದು ಪ್ರಶ್ನಿಸಲಿ. ಅದಕ್ಕಿಂತ ಒಳ್ಳೆಯ ಪಾಠ ನಮಗೆ ತೋರದು.